ಪೆನ್ನು ನಿಂತ ಸದ್ದು

"ಯಾಕೆ ಆಂಟಿ, ಪೆನ್ನು ನಿಂತ್ಹೋಯ್ತು?"

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಕುಕ್ಕರ್ ಇಟ್ಟರೂ ಅದೇ, ಬಟ್ಟೆ ಒಣಹಾಕಿದರೂ ಅದೇ.

ಬಿಎ ಕೊನೆಯ ವರ್ಷದ ಹುಡುಗಿ. ಕಣ್ಣು ಕಾಣುವುದಿಲ್ಲ. ಅವಳು ಹೇಳಿದ ಉತ್ತರವನ್ನು ಬರೆಯುವ ಸ್ಕ್ರೈಬ್ ನಾನು. ಬರಬೇಕಾದವರಿಗೆ ಜ್ವರ ಅಂತ ಹಿಂದಿನ ರಾತ್ರಿ ಗ್ರೂಪಿನಲ್ಲಿ ಮೆಸೇಜ್ ಬಂದಿತ್ತು. 2018ರ ಕೇಂದ್ರದ ನಿಯಮದಲ್ಲಿ, ಅಭ್ಯರ್ಥಿ ತಾನೇ ಸ್ಕ್ರೈಬ್ ಕರೆತಂದರೆ ಅವರ ಓದು ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಅಂತಿತ್ತು. ನನ್ನದು ಪಿಯುಸಿ. ಮದುವೆ ಮಾಡಿ ಓದು ಬಿಡಿಸಿದ್ದು ಮೊದಲ ಸಲ ಒಂದು ಅರ್ಹತೆಯಾಯಿತು, ನೋಡಿ!

"ಪುಣ್ಯದ ಕೆಲಸ ಬಿಡು" ಅಂದಳು ನಾದಿನಿ. ಅವಳಿಗೆ ಎಲ್ಲದಕ್ಕೂ ಒಂದು ಪುಣ್ಯದ ಲೆಕ್ಕ ಬೇಕು. ಪರೀಕ್ಷಾ ಹಾಲ್‌ನಲ್ಲಿ ಕೊಠಡಿ ಮೇಲ್ವಿಚಾರಕರದ್ದು ಇನ್ನೊಂದು ಲೆಕ್ಕ: "ಎಷ್ಟು ಕೊಡ್ತಾರೆ?" ಏನೂ ಇಲ್ಲ ಅಂದರೆ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನು ಹೋದದ್ದು ಪುಣ್ಯಕ್ಕೂ ಅಲ್ಲ. 22 ವರ್ಷದಿಂದ ಹಾಲಿನ ಲೆಕ್ಕ, ಸಾಮಾನಿನ ಚೀಟಿ ಬಿಟ್ಟು ನನ್ನ ಅಕ್ಷರ ಯಾರಿಗೂ ಬೇಕಾಗಿರಲಿಲ್ಲ. ಯಾರೋ ಕೇಳಿದರು, ಹೋದೆ.

ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ. ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆ ಆಗುತ್ತದೆ. ಹುಡುಗಿ ಸರಸರ ಹೇಳುತ್ತಿದ್ದಳು, ಪ್ಯಾರಾ ಎಲ್ಲಿ ಬಿಡಬೇಕು, ಎಲ್ಲಿ ಅಡಿಗೆರೆ ಹಾಕಬೇಕು ಅನ್ನುವುದೂ ಸೇರಿಸಿ. ಆಮೇಲೆ ಆ ಎರಡು ಮಾರ್ಕಿನ ಪ್ರಶ್ನೆ ಬಂತು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು ಯಾವಾಗ?

"1956 ನವೆಂಬರ್ 1" ಅಂದಳು.

ಅದು ಏಕೀಕರಣ ಆದ ದಿನ. ಹೆಸರು ಬದಲಾದದ್ದು 1973ರಲ್ಲಿ, ದೇವರಾಜ ಅರಸು ಕಾಲದಲ್ಲಿ. ನಮ್ಮಣ್ಣ ಹುಟ್ಟಿದ ವರ್ಷ, ಮರೆಯುವ ಹಾಗೇ ಇಲ್ಲ. ನಾನು ತುಟಿ ಪಿಟಕ್ಕೆನ್ನಲಿಲ್ಲ. 19 ಅಂತ ಬರೆದೆ. ಪೆನ್ನು ಅಲ್ಲೇ ನಿಂತಿತು.

ಅವಳು ತಲೆ ಸ್ವಲ್ಪ ವಾಲಿಸಿದಳು. ಆಗಲೇ ಕೇಳಿದ್ದು ಆ ಮಾತು.

"ಏನಿಲ್ಲಮ್ಮ, ಮುಂದೆ ಹೇಳು."

ಒಂದು ಕ್ಷಣ ಸುಮ್ಮನಿದ್ದಳು. "1973 ಅಂತ ಬರೀರಿ" ಅಂದಳು.

ಬರೆದೆ. ಆಮೇಲಿನ ಎರಡು ಗಂಟೆ ಕೈ ಬೆವರುತ್ತಲೇ ಇತ್ತು. ಬಾಯಿ ಬಿಡದೆಯೇ ಉತ್ತರ ಹೇಳಿಕೊಟ್ಟೆನಾ? ಅಥವಾ ಅವಳಿಗೇ ನೆನಪಾಯಿತಾ?

ಗೇಟಿನ ಹತ್ತಿರ ಕೋಲು ಬಿಚ್ಚುತ್ತಾ ತಾನಾಗೇ ಹೇಳಿದಳು. "ಆಂಟಿ, ಇನ್ನೊಂದ್ಸಲ ಪೆನ್ನು ನಿಲ್ಲಿಸ್ಬೇಡಿ. ನಂಗೆ ಗೊತ್ತಾಗುತ್ತೆ. ತಪ್ಪಾದ್ರೆ ನಂದೇ ತಪ್ಪಾಗ್ಲಿ." ಕೋಪ ಇರಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಸಹಾಯ ಅಂದರೆ ನಮ್ಮ ಹತ್ತಿರ ಇರುವುದನ್ನು ಕೊಡುವುದು ಅಂದುಕೊಂಡಿದ್ದೆ. ಇಲ್ಲಿ ಗೊತ್ತಿರುವುದನ್ನು ಕೊಡದೆ ಕೂರಬೇಕು. ಮಗನ ಹೋಮ್‌ವರ್ಕಿನಲ್ಲಿ, ಗಂಡನ ಅರ್ಜಿಯಲ್ಲಿ, ಎಲ್ಲದರಲ್ಲೂ ಕೈ ಹಾಕಿ ಸರಿ ಮಾಡಿಯೇ ರೂಢಿ ನನಗೆ. ಅವರಿಗೆ ಹೇಗನ್ನಿಸುತ್ತಿತ್ತೋ, ಒಂದು ದಿನವೂ ಕೇಳಿಲ್ಲ.

ಶನಿವಾರ ರಾಜ್ಯಶಾಸ್ತ್ರ. ಬರುತ್ತೀರಾ ಅಂದಳು, ಹೂಂ ಅಂದಿದ್ದೇನೆ. ರಾತ್ರಿ ಊಟ ಆದ ಮೇಲೆ ಮಗನ ಹತ್ತಿರ ಬೇಕಂತಲೇ ತಪ್ಪು ಹೇಳಿಸಿಕೊಂಡು, ನಿಲ್ಲಿಸದೆ ಬರೆಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ, ಕಾವೇರಿ ಹುಟ್ಟುವುದು ಆಗುಂಬೆಯಲ್ಲಿ ಅಂದ.

ಬರೆದೆ.