ಮಾಲೂರಿನ ವಿಕಿರಣ ಘಟಕಕ್ಕೆ ಹೊರಟ ನಿಂಬೆ ಬೆಳೆಗಾರರಿಗೆ

ತುಮಕೂರು ಕಡೆಯಿಂದ ಹೋಗುವವರು ರೈಲನ್ನೇ ಹಿಡಿಯಿರಿ. ಬೆಂಗಳೂರಿಗೆ ಬಂದು ಬಂಗಾರಪೇಟೆ, ಮಾರಿಕುಪ್ಪಂ ಕಡೆಯ ಗಾಡಿ ಹತ್ತಿದರೆ ವೈಟ್‌ಫೀಲ್ಡ್ ದಾಟಿ ಮಾಲೂರು, ನಮ್ಮ ಹೆಂಚಿನ ಊರು. ಹಣ್ಣಿಗೆ ಗಾಮಾ ಕಿರಣ ಹಾಯಿಸುವ ಈ ಘಟಕದವರ ಅನುಮತಿ ಮೊದಲೇ ಪಡೆದುಕೊಳ್ಳಿ. ಮಾವಿನ ಕಾಲದಲ್ಲಿ ಹೋದರೆ ಕೆಲಸ ನಡೆಯುವುದನ್ನು ಕಣ್ಣಾರೆ ನೋಡಬಹುದು.

ನಾವು ಕೆಲವು ನಿಂಬೆ ಬೆಳೆಗಾರರು ಹೋಗಿದ್ದು ಒಂದೇ ಪ್ರಶ್ನೆ ಇಟ್ಟುಕೊಂಡು. ಮಂಡಿ ಸೇರುವಷ್ಟರಲ್ಲಿ ಚೀಲದೊಳಗೆ ಹಬ್ಬುವ ಹಸಿರು ಬೂಷ್ಟನ್ನು ಈ ಕಿರಣ ತಡೆಯುತ್ತದೆಯೇ?

ಇಂಥ ಘಟಕದಲ್ಲಿ ಕೆಲಸವಿಲ್ಲದಾಗ ಆ ಕಿರಣ ಸೂಸುವ ಕೋಬಾಲ್ಟ್-60 ಆಳದ ನೀರಿನಲ್ಲಿರುತ್ತದೆ. ಕೆಲಸ ಶುರುವಾದಾಗ ಮೇಲೇರುತ್ತದೆ, ದಪ್ಪ ಕಾಂಕ್ರೀಟ್ ಗೋಡೆಯ ಆಚೆ ಪೆಟ್ಟಿಗೆಗಳು ಅದರ ಸುತ್ತ ಹಾದುಹೋಗುತ್ತವೆ. ಅಮೆರಿಕಕ್ಕೆ ಹೋಗುವ ಮಾವಿಗೆ ಕನಿಷ್ಠ 400 ಗ್ರೇ (ಹಣ್ಣು ಹೀರಿಕೊಳ್ಳುವ ಕಿರಣದ ಅಳತೆ). ಅದು ಓಟೆಹುಳ, ಹಣ್ಣುನೊಣ ಮುಂದೆ ಸಂತತಿ ಬೆಳೆಸದ ಹಾಗೆ ಮಾಡುವುದಕ್ಕೆ. ಬೂಷ್ಟನ್ನೇ ಸಾಯಿಸಬೇಕೆಂದರೆ ಇನ್ನೂ ಹೆಚ್ಚು ಬೇಕು, ಅಷ್ಟನ್ನು ನಿಂಬೆ, ಕಿತ್ತಳೆಯ ಸಿಪ್ಪೆ ತಡೆಯದೆ ಕಲೆ ಬೀಳುತ್ತದೆ. ಹಾಗಾಗಿ ಮಾವಿನ ಲೆಕ್ಕವನ್ನು ನಿಂಬೆಗೆ ಹಾಕಬೇಡಿ.

ನಮಗೆ ಬೇಕಾದದ್ದು ಬೇರೆ ದಾರಿ, 254 ನ್ಯಾನೊಮೀಟರಿನ ನೇರಳಾತೀತ ಕಿರಣ, ಅಂದರೆ ಯುವಿ-ಸಿ. ಕಿತ್ತ ಹಣ್ಣಿಗೂ ಜೀವ ಇರುತ್ತದೆ. ಈ ಕಿರಣ ಹದವಾಗಿ ತಾಗಿದರೆ ಸಿಪ್ಪೆ ಅದನ್ನು ಪೆಟ್ಟು ಅಂತಲೇ ತಿಳಿದು ಸ್ಕೋಪರೋನ್ ಎಂಬ ರಕ್ಷಕ ವಸ್ತುವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೂಷ್ಟಿನ ಬೀಜಕಣ ಮೊಳೆಯದಂತೆ ತಡೆಯುವುದು ಅದೇ. ಹೊರಗಿನ ಔಷಧವಿಲ್ಲದೆ ಹಣ್ಣು ತನ್ನ ಶಕ್ತಿಯಿಂದಲೇ ಉಳಿಯುವುದು ನನಗಂತೂ ದೊಡ್ಡ ಮಾತು. ಆದರೆ ಈ ಶಕ್ತಿ ಬರಲು ಒಂದೆರಡು ದಿನವಾದರೂ ಬೇಕು. ಸೋಂಕು ಒಳಗೆ ಇಳಿದ ಮೇಲೆ ಕಿರಣ ಕೊಟ್ಟು ಪ್ರಯೋಜನವಿಲ್ಲ. ಬೆಳಕು ಬಿದ್ದ ಕಡೆಯಷ್ಟೇ ಫಲ, ಆದ್ದರಿಂದ ಹಣ್ಣು ಉರುಳುತ್ತಿರಬೇಕು. ಹದ ಮೀರಿದರೆ ಸಿಪ್ಪೆ ಕಂದಾಗುತ್ತದೆ. ತಳಿ, ಬಲಿತ ಹದ, ಕಿತ್ತ ಕಾಲ ಬದಲಾದಂತೆ ಪ್ರಮಾಣವೂ ಬದಲು. ಮೂಸಂಬಿಗೆ ಹೊಂದಿದ್ದು ನಿಂಬೆಗೆ ಹೊಂದುತ್ತದೆ ಅಂದುಕೊಳ್ಳಬೇಡಿ.

ತಜ್ಞರಿಗೆ ತೋರಿಸಲು ಹಣ್ಣು ಒಯ್ಯುವುದಾದರೆ ಆವತ್ತೇ ಕತ್ತರಿಯಲ್ಲಿ ಬಿಡಿಸಿದ್ದು, ತೊಟ್ಟಿನ ಬಟ್ಟಲು ಕಳಚದ್ದು ಇರಲಿ. ಗೋಣಿಚೀಲ ಬೇಡ, ಕ್ರೇಟ್ ಒಳ್ಳೆಯದು. ಜೊತೆಗೆ ಬಂದಿದ್ದ ಹಿರಿಯರೊಬ್ಬರು ಹಣ್ಣೊಂದನ್ನು ಬಿಸಿಲಿಗೆ ಹಿಡಿದು ತೋರಿಸಿದರು, ಮುಳ್ಳು ಗೀರಿದ ಕೂದಲೆಳೆಯಷ್ಟು ಗೆರೆ. ಹಸಿರು ಬೂಷ್ಟು ನುಗ್ಗುವುದು ಇಂಥ ಗಾಯದಿಂದಲೇ. ಅಂಥದ್ದನ್ನು ಮೊದಲೇ ಆರಿಸಿ ತೆಗೆಯಿರಿ.

ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ನಮ್ಮ ತುಮಕೂರಿಗೇ ಹತ್ತಿರ. ಪ್ರಮಾಣದ ಮಾತನ್ನು ಮೊದಲು ಅಲ್ಲಿ ಕೇಳಿ, ಆಮೇಲೆ ದೀಪ ಕೊಳ್ಳುವ ಯೋಚನೆ ಮಾಡಿ. ನೀಲಿಯಾಗಿ ಉರಿಯುವ ಟ್ಯೂಬೆಲ್ಲ ಯುವಿ-ಸಿ ಅಲ್ಲ, ಮೇಲೆ 254 ಎಂದು ಬರೆದಿದೆಯೇ ನೋಡಿ. ಅದು ಉರಿಯುವಾಗ ಶೆಡ್ಡಿನೊಳಗೆ ಯಾರೂ ಇರಕೂಡದು, ಕಣ್ಣು, ಚರ್ಮ ಎರಡಕ್ಕೂ ಅಪಾಯ. ಸ್ವಿಚ್ಚು ಹೊರಗಡೆಯೇ ಇರಲಿ.