ಬೇಥಾನ್ಯದ ಅಕ್ಕತಂಗಿಯರು ಮತ್ತು ಬೇಸಿಗೆ ಶಿಬಿರ

ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾದ ಮೇಲೆ ಯೇಸು ಬೇಥಾನ್ಯಕ್ಕೆ ಬಂದನು. ಮಾರ್ಥ ಊರಾಚೆಗೇ ಹೋಗಿ ಎದುರುಗೊಂಡು, ಕರ್ತನೇ, ನೀನು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮರಿಯ ಬಂದು ಆತನ ಪಾದಕ್ಕೆ ಬಿದ್ದು ಹೇಳಿದ್ದೂ ಅದೇ ಮಾತು. ಯೋಹಾನ 11ರ 21 ಮತ್ತು 32ನೇ ವಚನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಅಕ್ಕತಂಗಿಯರ ದುಃಖ ಒಂದು, ಮಾತೂ ಒಂದು. ಆದರೆ ಕರ್ತನು ಮಾರ್ಥಳೊಂದಿಗೆ ಮಾತಾಡಿದನು, ತಾನೇ ಪುನರುತ್ಥಾನವೂ ಜೀವವೂ ಎಂದು ತಿಳಿಸಿ ಇದನ್ನು ನಂಬುತ್ತೀಯಾ ಎಂದು ಕೇಳಿದನು. ಮರಿಯಳಿಗೆ ಆತನು ಏನನ್ನೂ ಬೋಧಿಸಲಿಲ್ಲ. ಅವಳು ಅಳುವುದನ್ನು ನೋಡಿ ತಾನೂ ಅತ್ತನು.

ಹದಿಹರೆಯದ ಹುಡುಗಿಯರ ಶಿಬಿರಕ್ಕೆ ಒಂದೇ ಮನೆಯಿಂದ ಇಬ್ಬರು ಮೂವರು ಹೊರಟಾಗ ಮನಸ್ಸಿನಲ್ಲಿರಬೇಕಾದ ವಾಕ್ಯಭಾಗ ಇದು. ಮನೆಯವರು ಸಾಮಾನ್ಯವಾಗಿ "ಒಬ್ಬರಿಗೊಬ್ಬರು ಜೊತೆಯಿರುತ್ತಾರೆ" ಎಂಬ ಧೈರ್ಯದ ಮೇಲೆ ಕಳಿಸುತ್ತಾರೆ. ಆ ಧೈರ್ಯ ತಪ್ಪಲ್ಲ. ಆದರೆ ಇಡೀ ಶಿಬಿರ ಜೊತೆಯಲ್ಲೇ ಕಳೆದರೆ ತಂಗಿ ಅಕ್ಕನ ನಂಬಿಕೆಯನ್ನು ಎರವಲು ಪಡೆದುಕೊಂಡು ಮನೆಗೆ ಬರುತ್ತಾಳೆ, ಅಕ್ಕ ತಂಗಿಯನ್ನು ನೋಡಿಕೊಂಡ ದಣಿವನ್ನಷ್ಟೇ ತರುತ್ತಾಳೆ. ಇಬ್ಬರೂ ಕರ್ತನ ಎದುರು ಬೇರೆಬೇರೆಯಾಗಿ ನಿಲ್ಲುವಷ್ಟು ಜಾಗ ಮಾಡಿಕೊಡುವುದೇ ಶಿಬಿರದ ಕೆಲಸ.

ಅದು ಅರ್ಜಿ ತುಂಬುವಲ್ಲಿಂದಲೇ ಶುರುವಾಗುತ್ತದೆ. ಒಬ್ಬಳ ಅರ್ಜಿಯನ್ನು ಪೂರ್ತಿ ತುಂಬಿ, ಇನ್ನೊಬ್ಬಳದರಲ್ಲಿ "ಮೇಲಿನಂತೆ" ಎಂದು ಬರೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅಲರ್ಜಿ, ಮೂರ್ಛೆ, ಉಬ್ಬಸದಂಥ ವಿಷಯಗಳು ಬಿಟ್ಟುಹೋಗುವುದು ಹೀಗೆಯೇ. ಔಷಧಿಗಳನ್ನು ಅಂಗಡಿಯಿಂದ ಬಂದ ಪೊಟ್ಟಣದಲ್ಲೇ ಇರಿಸಿ, ಪೂರ್ತಿ ಹೆಸರು, ಪ್ರಮಾಣ, ಕೊಡಬೇಕಾದ ಹೊತ್ತು ಬರೆದು, ಇಬ್ಬರದನ್ನೂ ಬೇರೆಬೇರೆ ಕವರಿನಲ್ಲಿ ಕೊಡಿ. ಅಕ್ಕತಂಗಿಯರ ಇನಿಷಿಯಲ್ ಒಂದೇ ಆಗಿರುವುದರಿಂದ ಅವಸರದಲ್ಲಿ ಒಬ್ಬಳ ಮಾತ್ರೆ ಇನ್ನೊಬ್ಬಳ ಕೈಗೆ ಹೋಗಬಹುದು. ಉಬ್ಬಸದ ಇನ್‌ಹೇಲರ್ ಮಾತ್ರ ಕಚೇರಿಯ ಕಪಾಟಿನಲ್ಲಿ ಇರಕೂಡದು, ಅದು ಹುಡುಗಿಯ ಬಳಿಯೇ ಇರಬೇಕು.

ಚೀಲವೂ ಬೇರೆ. ಒಬ್ಬೊಬ್ಬಳಿಗೂ ಅವಳದೇ ಬೈಬಲ್, ನೋಟ್‌ಬುಕ್, ಎರಡು ಪೆನ್ನು, ಟಾರ್ಚು, ನೀರಿನ ಬಾಟಲಿ, ಹೊದಿಕೆ. ಇಬ್ಬರಿಗೂ ಒಂದೇ ಬೈಬಲ್ ಸಾಕೆಂದು ಕಳಿಸಿದರೆ, ವಯಸ್ಸಿಗೆ ತಕ್ಕ ಗುಂಪುಗಳು ಒಂದೇ ಹೊತ್ತಿಗೆ ಎರಡು ಕಡೆ ಸೇರಿದಾಗ ಒಬ್ಬಳು ಬರಿಗೈಯಲ್ಲಿ ಕೂರುತ್ತಾಳೆ. ಅದು ಬಹುತೇಕ ತಂಗಿಯೇ. ಸ್ಯಾನಿಟರಿ ಪ್ಯಾಡ್‌ಗಳನ್ನು ತಿಂಗಳ ಲೆಕ್ಕ ನೋಡದೆ ಇಬ್ಬರ ಚೀಲದಲ್ಲೂ ಇಡಿ. ಪ್ರಯಾಣ, ನಿದ್ದೆಗೇಡು, ಹೊಸ ಜಾಗದಿಂದ ದಿನ ಹಿಂದೆಮುಂದೆ ಆಗುವುದುಂಟು. ಪ್ಯಾಡ್ ಎಲ್ಲಿ ಸಿಗುತ್ತದೆ, ಬಳಸಿದ್ದನ್ನು ಎಲ್ಲಿ ಹಾಕಬೇಕು ಎಂಬುದನ್ನು ನಡೆಸುವವರು ಮೊದಲ ಸಂಜೆಯೇ ಎಲ್ಲರೆದುರು ಸಹಜವಾಗಿ ಹೇಳಿಬಿಡಬೇಕು. ಹೇಳದಿದ್ದರೆ ಹದಿಮೂರರ ಹುಡುಗಿ ಸಂಕೋಚದಿಂದ ಹೊಟ್ಟೆನೋವೆಂದು ಮಲಗಿಬಿಡುತ್ತಾಳೆ, ಅರ್ಧ ದಿನದ ಆರಾಧನೆಯೂ ಆಟವೂ ಅವಳಿಗೆ ತಪ್ಪುತ್ತವೆ.

ಮಲಗುವ ಏರ್ಪಾಡಿನಲ್ಲಿ ಹಟ ಬೇಡ. ಮೊದಲ ಸಲ ಮನೆ ಬಿಟ್ಟು ಬಂದ ಚಿಕ್ಕವಳಿದ್ದರೆ ಒಂದೇ ಕೋಣೆ ಇರಲಿ, ಹಾಸಿಗೆ ಪಕ್ಕಪಕ್ಕ ಬೇಡ. ಮನೆಯ ನೆನಪು ಹಗಲಲ್ಲಿ ಅಷ್ಟಾಗಿ ಕಾಡುವುದಿಲ್ಲ, ದೀಪ ಆರಿದ ಮೇಲೆ ಕಾಡುತ್ತದೆ. ಆಗ ಫೋನಿನಲ್ಲಿ ಅಮ್ಮನ ದನಿ ಕೇಳಿಸಿದರೆ ಅಳು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಮಾತಾಡಲೇಬೇಕಿದ್ದರೆ ಮಧ್ಯಾಹ್ನ, ಲೀಡರ್ ಜೊತೆಗಿದ್ದು ಮಾತಾಡಿಸಬೇಕು. ರಾತ್ರಿ ಎದ್ದ ತಂಗಿ ಅಕ್ಕನನ್ನು ಎಬ್ಬಿಸುವ ಬದಲು ಯಾವ ಲೀಡರನ್ನು ಎಬ್ಬಿಸಬೇಕು ಎಂಬುದನ್ನು ಮೊದಲೇ ತೋರಿಸಿಕೊಡಿ. ದಿನವೂ ನಿದ್ದೆ ಬಿಟ್ಟ ಅಕ್ಕ ಮೂರನೆಯ ದಿನದ ಬೋಧನೆಯಲ್ಲಿ ತೂಕಡಿಸುತ್ತಾಳೆ. ಅವಳೂ ಶಿಬಿರಕ್ಕೆ ಬಂದಿರುವ ಹುಡುಗಿಯೇ, ದಾದಿಯಲ್ಲ.

ಬೆಳಗಿನ ಮೌನಧ್ಯಾನಕ್ಕೆ ಮುಕ್ಕಾಲು ಗಂಟೆ ಇಟ್ಟರೆ ಹುಡುಗಿಯರು ಕದಲತೊಡಗುತ್ತಾರೆ, ಹತ್ತು ನಿಮಿಷ ಇಟ್ಟರೆ ಮನಸ್ಸು ನೆಲೆಗೊಳ್ಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಇಪ್ಪತ್ತೈದು ನಿಮಿಷ ಸರಿಯಾದೀತು. ನಾಲ್ಕು ಬೆಳಗಿನ ಶಿಬಿರಕ್ಕೆ ಫಿಲಿಪ್ಪಿಯರಿಗೆ ಬರೆದ ಪತ್ರಿಕೆ ಹೇಳಿಮಾಡಿಸಿದಂತಿದೆ. ಅದಕ್ಕೆ ನಾಲ್ಕೇ ಅಧ್ಯಾಯ, ದಿನಕ್ಕೊಂದು. ಒಮ್ಮೆ ಮೆಲುದನಿಯಲ್ಲಿ ಓದಬೇಕು, ಇನ್ನೊಮ್ಮೆ ಮೌನವಾಗಿ. ಮನಸ್ಸಿಗೆ ತಾಗಿದ ಒಂದು ವಚನವನ್ನು ಕೈಬರಹದಲ್ಲಿ ಎತ್ತಿ ಬರೆದು, ಅದರ ಕೆಳಗೆ ದೇವರಿಗೆ ಹೇಳಬೇಕೆನಿಸಿದ ಒಂದೇ ಒಂದು ವಾಕ್ಯ ಬರೆಯಬೇಕು. ಅಷ್ಟು ಸಾಕು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಕಾಣದಷ್ಟು ದೂರ ಕುಳಿತುಕೊಳ್ಳಲಿ. ಕಂಡರೆ ತಂಗಿಯ ಕಣ್ಣು ಅಕ್ಕ ಎಷ್ಟು ಬರೆದಳೆಂದು ನೋಡುತ್ತಿರುತ್ತದೆ. ನೋಟ್‌ಬುಕ್ಕನ್ನು ಯಾರೂ ತೆರೆದು ನೋಡಬಾರದು, ಲೀಡರ್ ಕೂಡ.

ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಪೌಲನು ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರಿಗೆ ಒಂದೇ ಮನಸ್ಸಿನಿಂದಿರಿ ಎಂದು ಬೇಡಿಕೊಳ್ಳುತ್ತಾನೆ. ಬೇಡಿಕೊಳ್ಳುತ್ತೇನೆ ಎಂಬ ಮಾತನ್ನು ಇಬ್ಬರಿಗೂ ಸೇರಿಸಿ ಒಮ್ಮೆ ಹೇಳಿ ಮುಗಿಸದೆ, ಒಬ್ಬೊಬ್ಬಳಿಗೂ ಒಂದೊಂದು ಸಲ ಹೇಳುತ್ತಾನೆ. ಯಾರದು ಸರಿ, ಯಾರದು ತಪ್ಪು ಎಂಬ ತೀರ್ಪು ಅಲ್ಲಿಲ್ಲ. ಇಬ್ಬರೂ ತನ್ನೊಂದಿಗೆ ಸುವಾರ್ತೆಗಾಗಿ ಹೋರಾಡಿದವರು ಎಂಬ ಗೌರವ ಇದೆ. ಶಿಬಿರದಲ್ಲಿ ಅಕ್ಕತಂಗಿಯರು ಜಗಳವಾಡಿದಾಗ ಲೀಡರ್ ಮಾಡಬೇಕಾದದ್ದೂ ಇದೇ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ವಿಚಾರಣೆ ನಡೆಸಬಾರದು. ಒಬ್ಬೊಬ್ಬಳನ್ನೂ ಬೇರೆಯಾಗಿ ಕೂರಿಸಿಕೊಂಡು ಕೇಳಿ, ಒಬ್ಬೊಬ್ಬಳೊಂದಿಗೂ ಬೇರೆಯಾಗಿ ಪ್ರಾರ್ಥಿಸಿ, ಆಮೇಲೆ ಒಟ್ಟಿಗೆ ತರಬೇಕು.

ಜಗಳ ಹುಟ್ಟುವುದು ಹೆಚ್ಚಾಗಿ ಕೆಲಸದ ಪಾಳಿಯಲ್ಲಿ. ಪಾತ್ರೆ ತೊಳೆಯುವುದು, ಗುಡಿಸುವುದು, ನೀರು ತುಂಬುವುದು. ಮನೆಯಲ್ಲಿ ರೂಢಿಯಾದಂತೆ ಅಕ್ಕ ತನ್ನ ಪಾಲನ್ನೂ ತಂಗಿಯ ಪಾಲನ್ನೂ ಮಾಡುತ್ತಾಳೆ, ಎರಡನೆಯ ದಿನ ಸಿಡುಕುತ್ತಾಳೆ. ಲೂಕ 10ರಲ್ಲಿ ಮಾರ್ಥ ತನ್ನ ದೂರನ್ನು ಮರಿಯಳಿಗೆ ಹೇಳದೆ ಕರ್ತನ ಬಳಿಗೆ ಒಯ್ದು, ಅವಳಿಗೆ ಹೇಳು ಎಂದಳಲ್ಲವೇ? ಅಕ್ಕಂದಿರು ಲೀಡರ್ ಬಳಿಗೆ ತರುವ ದೂರೂ ಇದೇ ರೀತಿಯದು. ಕರ್ತನು ಮಾರ್ಥಳ ಹೆಸರನ್ನು ಎರಡು ಸಲ ಕರೆದನು, ಮರಿಯಳನ್ನು ಎಬ್ಬಿಸಿ ಕಳಿಸಲಿಲ್ಲ. ಇಬ್ಬರನ್ನೂ ಒಂದೇ ಪಾಳಿಗೆ ಹಾಕದಿದ್ದರೆ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಹಾಗಾದರೆ ಒಟ್ಟಿಗೆ ಸೇರುವುದು ಯಾವಾಗ? ಅರಣ್ಯಕಾಂಡ 27ರಲ್ಲಿ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐದು ಜನ ಅಕ್ಕತಂಗಿಯರು ದೇವದರ್ಶನದ ಗುಡಾರದ ಬಾಗಿಲಲ್ಲಿ ಒಂದಾಗಿ ನಿಂತು ತಂದೆಯ ಸ್ವಾಸ್ತ್ಯದಲ್ಲಿ ಪಾಲು ಕೇಳಿದರು. ವಾಕ್ಯ ಐವರ ಹೆಸರನ್ನೂ ಬಿಡದೆ ಹೇಳುತ್ತದೆ, ಅವರು ನಿಂತದ್ದು ಮಾತ್ರ ಒಟ್ಟಿಗೆ. ರಾತ್ರಿ ಊಟವಾದ ಮೇಲೆ ಒಂದೇ ಮನೆಯ ಹುಡುಗಿಯರಿಗೆ ಹದಿನೈದು ನಿಮಿಷ ಬಿಟ್ಟುಕೊಡಿ. ಹಗಲಿನಲ್ಲಿ ಕೇಳಿದ್ದರಲ್ಲಿ ಒಂದನ್ನು ಒಬ್ಬಳು ಹೇಳಲಿ, ಇನ್ನೊಬ್ಬಳು ತಿದ್ದದೆ ಕೇಳಲಿ. ಆಮೇಲೆ ಪಾತ್ರ ಬದಲಾಗಲಿ. ಕೊನೆಗೆ ಇವಳ ಪ್ರಾರ್ಥನಾ ವಿಷಯಕ್ಕೆ ಅವಳು, ಅವಳದಕ್ಕೆ ಇವಳು ಪ್ರಾರ್ಥಿಸಲಿ. ಮೊದಲ ರಾತ್ರಿ ಚಿಕ್ಕವಳು ಮೊದಲು ಮಾತಾಡಬೇಕು. ದೊಡ್ಡವಳು ಶುರುಮಾಡಿದರೆ ಚಿಕ್ಕವಳು "ನನ್ನದೂ ಅದೇ" ಎಂದು ಮುಗಿಸಿಬಿಡುತ್ತಾಳೆ.

ಕೊನೆಯ ರಾತ್ರಿ ಬೆಂಕಿಯ ಸುತ್ತ ಸಾಕ್ಷಿ ಹೇಳುವ ಕೂಟಕ್ಕೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಹಾಡು, ಕತ್ತಲು, ದಣಿವು, ನಾಳೆ ಅಗಲುವ ಸಂಕಟ ಎಲ್ಲ ಸೇರಿ ಮನಸ್ಸು ಕರಗಿರುತ್ತದೆ. ಪವಿತ್ರಾತ್ಮನು ಅಲ್ಲಿ ಕೆಲಸ ಮಾಡುತ್ತಾನೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಬ್ಬಳು ಅತ್ತರೆ ಹತ್ತು ಜನ ಅಳುತ್ತಾರೆ, ಅಳು ಬಾರದವಳು ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾಳೆ. ಮಾತಾಡದೆ ಇರುವುದೂ ಸರಿಯೇ ಎಂದು ಮೊದಲೇ ಹೇಳಿ. ಮನೆಯೊಳಗಿನ ವಿಷಯವನ್ನು ಅಕ್ಕ ಬೆಂಕಿಯ ಮುಂದೆ ಬಿಚ್ಚಿಟ್ಟರೆ ಅದು ತಂಗಿಯ ವಿಷಯವೂ ಹೌದು. ಆದ್ದರಿಂದ ತನ್ನ ಸಾಕ್ಷಿಯನ್ನಷ್ಟೇ ಹೇಳಬೇಕು, ಇನ್ನೊಬ್ಬಳ ಹೆಸರನ್ನು ಅವಳ ಒಪ್ಪಿಗೆಯಿಲ್ಲದೆ ಎತ್ತಬಾರದು.

ಯಾವಳಾದರೂ ತನಗೆ ಯಾರಿಂದಲೋ ಹಾನಿಯಾಗುತ್ತಿದೆ ಎಂದು ಹೇಳಿಕೊಂಡರೆ, ಯಾರಿಗೂ ಹೇಳುವುದಿಲ್ಲವೆಂದು ಲೀಡರ್ ಮಾತು ಕೊಡಬಾರದು. ಸಹಾಯ ಮಾಡಬಲ್ಲವರಿಗೆ ತಿಳಿಸಲೇಬೇಕಾಗುತ್ತದೆ ಎಂದು ಮೆತ್ತಗೆ ಹೇಳಿ, ಜವಾಬ್ದಾರರಿಗೆ ಅಂದೇ ತಿಳಿಸಬೇಕು. ನಿಜವೋ ಎಂದು ಅಕ್ಕನನ್ನೋ ತಂಗಿಯನ್ನೋ ಕರೆಸಿ ಕೇಳುವುದು ದೊಡ್ಡ ತಪ್ಪು. ಅವಳಿಗೂ ಅದೇ ಗಾಯ ಇರಬಹುದು, ಇಲ್ಲವೇ ಮಾತು ಮನೆಗೆ ಮುಟ್ಟಿ ಹೇಳಿಕೊಂಡವಳಿಗೇ ಅಪಾಯವಾಗಬಹುದು.

ಮನೆಗೆ ಬಂದ ಮೊದಲ ವಾರ ಉತ್ಸಾಹ ಇಳಿಯುತ್ತದೆ. ನಿದ್ದೆ ಬಾಕಿಯಿರುತ್ತದೆ, ಗೆಳತಿಯರು ದೂರವಾಗಿರುತ್ತಾರೆ. ಇದನ್ನು ವಿಶ್ವಾಸ ಕುಗ್ಗಿದ್ದೆಂದು ಮನೆಯವರು ಗದರಬಾರದು. ಬೆಳಗಿನ ಇಪ್ಪತ್ತೈದು ನಿಮಿಷವನ್ನು ಹತ್ತಕ್ಕೆ ಇಳಿಸಿ ಮುಂದುವರಿಸಲಿ. ಫಿಲಿಪ್ಪಿಯ ಮುಗಿದಿದ್ದರೆ ಮಾರ್ಕನ ಸುವಾರ್ತೆ ಹಿಡಿಯಬಹುದು, ಹದಿನಾರು ಅಧ್ಯಾಯ, ದಿನಕ್ಕೊಂದು. ಭಾನುವಾರ ಸಭೆಯಲ್ಲಿ ಶಿಬಿರದ ಬಗ್ಗೆ ಹೇಳಲು ಕರೆದರೆ, ಇಬ್ಬರ ಪರವಾಗಿ ದೊಡ್ಡವಳೇ ಮಾತಾಡಲಿ ಎನ್ನಬೇಡಿ. ಒಬ್ಬೊಬ್ಬಳಿಗೂ ಮೂರು ನಿಮಿಷ ಕೊಡಿ. ಬೇಡವೆನ್ನುವವಳನ್ನು ಒತ್ತಾಯ ಮಾಡಬೇಡಿ.