ಯಾಕ್ ತಾತ, ನಿಮ್ಮೂರಲ್ಲಿ ಜನಾನೇ ಇಲ್ವಾ?

ಮೊನ್ನೆ ಬುಧವಾರದಿಂದ ಒಂದು ಮಾತು ತಲೇಲಿ ಕೂತುಬಿಟ್ಟಿದೆ, ಯಾರ ಹತ್ರ ಹೇಳ್ಕೊಳ್ಳೋದು ಅಂತ ಗೊತ್ತಾಗದೆ ಇಲ್ಲಿ ಬರೀತಿದೀನಿ. ಅಂದಿದ್ದು ಪಕ್ಕದ ಮನೆ ಹುಡುಗ, ಎಂಟು ವರ್ಷದೋನು. ಬುಧವಾರ ಇಲ್ಲಿ, ನೆದರ್ಲೆಂಡ್ಸಲ್ಲಿ, ಇವರ ಸ್ಕೂಲು ಅರ್ಧ ದಿನ. ನಮ್ಮ ಮೊಮ್ಮಗಳ ಜೊತೆ ಆಡೋಕೆ ಬಂದೋನು ನಾನು ವಿಮಾನ ಓಡಿಸೋದು ನೋಡ್ತಾ ಸೋಫಾ ಮೇಲೆ ಕೂತುಬಿಟ್ಟ. ನಂಗೆ ಡಚ್ ಬರಲ್ಲ, ಅವನಿಗೆ ಕನ್ನಡ ಬರಲ್ಲ, ಮಧ್ಯದಲ್ಲಿ ನಮ್ಮ ಪುಟ್ಟಿ. ಅರ್ಧ ಗಂಟೆ ಮಾತಿಲ್ಲದೆ ನೋಡಿದೋನು ಅವಳ ಕಿವೀಲಿ ಏನೋ ಅಂದ. ಅವಳು ನನ್ನ ಕಡೆ ತಿರುಗಿ, "ತಾತ, ನಿಮ್ಮೂರಲ್ಲಿ ಜನಾನೇ ಇಲ್ವಾ ಅಂತ ಕೇಳ್ತಿದಾನೆ" ಅಂದ್ಲು.

ವಿಮಾನ ಅಂದ್ರೆ ಗೇಮಲ್ಲಿ. ಮಗನ ಎಕ್ಸ್‌ಬಾಕ್ಸಲ್ಲಿ ಫ್ಲೈಟ್ ಸಿಮ್ಯುಲೇಟರ್ ಅಂತ ಇದೆ, 2020ರಲ್ಲಿ ಬಂದಿದ್ದು, ಎಕ್ಸ್‌ಬಾಕ್ಸಿಗೆ ಬಂದಿದ್ದು ಮಾರನೇ ವರ್ಷ. ನಾನು 1982ರಿಂದ 2016ರವರೆಗೆ ಸರ್ಕಾರಿ ಬಸ್ಸು ಓಡಿಸಿದೋನು, ಗೌರಿಬಿದನೂರು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಬೆಂಗಳೂರು ರೂಟು. ರಿಟೈರ್ ಆಗಿ ಕೆಲವು ವರ್ಷದ ಮೇಲೆ ಇಲ್ಲಿಗೆ ಬಂದ ಮೊದಲ ಚಳಿಗಾಲ, ನಾಲ್ಕೂವರೆಗೆಲ್ಲ ಕತ್ತಲಾಗೋದು, ಮಗ ನೋಡಿ ನೋಡಿ ಒಂದಿನ ರಿಮೋಟು ಕೈಗೆ ಕೊಟ್ಟು "ಅಪ್ಪ, ಇದನ್ನ ಓಡಿಸಿ ನೋಡಿ" ಅಂದ. ಆಮೇಲೆ ಹುಟ್ಟಿದಬ್ಬಕ್ಕೆ ಸ್ಟೇರಿಂಗ್ ಥರದ್ದೊಂದು ತಂದುಕೊಟ್ಟ, ಯೋಕ್ ಅಂತಾರೆ, ಅದರ ಜೊತೆ ಕಾಲಿಗೆ ಪೆಡಲ್ಲು. ವಿಮಾನ ನೆಲದ ಮೇಲಿರೋವಾಗ ಯೋಕ್ ತಿರುಗಿಸಿದ್ರೆ ತಿರುಗಲ್ಲ, ಕಾಲಲ್ಲಿ ತಿರುಗಿಸಬೇಕು. ಮೂವತ್ನಾಲ್ಕು ವರ್ಷ ಕೈಯಲ್ಲಿ ತಿರುಗಿಸಿದ ಅಭ್ಯಾಸ, ಎಡಗಾಲು ಪೆಡಲ್ ಕಂಡ್ರೆ ಕ್ಲಚ್ ಅಂತಾನೇ ತುಳಿಯೋದು, ಅದನ್ನ ಬಿಡಿಸೋಕೆ ಎರಡು ತಿಂಗಳು ಹಿಡೀತು. ಆ ಎರಡು ತಿಂಗಳು ನಾನು ಇಷ್ಟಪಟ್ಟು ಕಲಿತ ಹಾಗೆ ಬೇರೆ ಯಾವುದನ್ನೂ ಕಲಿತಿಲ್ಲ.

ಇಡೀ ಭೂಮೀನೇ ಅದರೊಳಗೆ ಇದೆ. ಉಪಗ್ರಹದಿಂದ ತೆಗೆದ ಫೋಟೋ ಇಟ್ಕೊಂಡು ಕಟ್ಟಿದಾರಂತೆ, ವಿಮಾನ ನಿಲ್ದಾಣಗಳೇ 37 ಸಾವಿರ. ಎಲ್ಲಿ ಬೇಕಾದ್ರೂ ಹೋಗಬಹುದು, ನಾನು ಹೋಗೋದು ಮಾತ್ರ ಒಂದೇ ರೂಟಲ್ಲಿ. ಇಲ್ಲಿ ಸಾಯಂಕಾಲ ಆದಾಗ ಊರಲ್ಲಿ ರಾತ್ರಿ, ಅದಕ್ಕೆ ಗೇಮಲ್ಲಿ ಟೈಮು ಬೆಳಗ್ಗೆ ಒಂಬತ್ತಕ್ಕೆ ಇಟ್ಕೋತೀನಿ. ದೇವನಹಳ್ಳಿ ಏರ್‌ಪೋರ್ಟಿಂದ ಸೆಸ್ನಾ 152, ಇಬ್ಬರೇ ಕೂರೋ ಪುಟ್ಟ ವಿಮಾನ. ರನ್‌ವೇ ಮೇಲೆ ನಿಂತಿರುವಾಗಲೇ ಮೀಟರ್ರು ಮೂರು ಸಾವಿರ ಅಡಿ ತೋರಿಸ್ತಿರುತ್ತೆ, ನಮ್ಮ ನೆಲಾನೇ ಅಷ್ಟು ಎತ್ತರ. ನಮ್ಮ ಮನೆ ಹತ್ರದ ಸ್ಕಿಪೋಲ್ ಏರ್‌ಪೋರ್ಟಲ್ಲಿ ಅದೇ ಮೀಟರ್ರು ಸೊನ್ನೆಗಿಂತ ಕೆಳಗೆ ಹೋಗುತ್ತೆ, ಯಾಕಂದ್ರೆ ಅದು ಸಮುದ್ರ ಮಟ್ಟಕ್ಕಿಂತ ಮೂರು ಮೀಟರ್ ಕೆಳಗಿದೆ. ಮೊದಲು ಅಲ್ಲಿ ದೊಡ್ಡ ಕೆರೆ ಇತ್ತಂತೆ, 1849ರಿಂದ 1852ರವರೆಗೆ ಸ್ಟೀಮ್ ಪಂಪ್ ಇಟ್ಟು ಅಷ್ಟೂ ನೀರು ಎತ್ತಿ ಹೊರಗೆ ಹಾಕಿದ್ರಂತೆ. ಇದನ್ನ ಕೇಳಿದ ದಿನ ನಂಗೆ ನಿದ್ದೆ ಬರಲಿಲ್ಲ. ಇವರು ನೀರು ಜಾಸ್ತಿ ಆಗಿ ಕೆರೆ ಬತ್ತಿಸಿದ ಜನ, ನಾವು ಬತ್ತಿದ ಕೆರೆ ನೋಡ್ಕೊಂಡು ಬೋರ್‌ವೆಲ್ ಕೊರೆಸ್ತಾ ಹೋದ ಜನ. ಈಗ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ನೀರು ಬಂದಿದೆ, ಸಂತೋಷಾನೇ, ಆದ್ರೆ ಅದು ಬೆಂಗಳೂರಿನ ಹೆಬ್ಬಾಳ ನಾಗವಾರ ಕಡೆಯ ಕೊಳಚೆ ನೀರನ್ನ ಶುದ್ಧ ಮಾಡಿ ಪೈಪಲ್ಲಿ ಕಳಿಸಿರೋದು. ನಮ್ಮ ಹಾಲು, ತರಕಾರಿ, ಹೂವು, ಹುಡುಗರು ಎಲ್ಲಾ ಆ ಊರಿಗೆ ಹೋಗಿ, ತಿರುಗಿ ಬಂದಿದ್ದು ಆ ನೀರು. ಹೇಳಬಾರದು ಅಂದ್ಕೊಂಡಿದ್ದೆ, ಬಂದುಬಿಡ್ತು.

ಇರಲಿ. ಏರ್‌ಪೋರ್ಟಿಂದ ಎದ್ದು ಉತ್ತರಕ್ಕೆ ತಿರುಗಿಸಿದ್ರೆ ಹತ್ತು ನಿಮಿಷದಲ್ಲಿ ನಂದಿಬೆಟ್ಟ, 1478 ಮೀಟರ್. ಅದರ ಮೇಲಿಂದ ಹೋಗಬೇಕಂದ್ರೆ ಆರು ಸಾವಿರ ಅಡಿಗಾದ್ರೂ ಹತ್ತಿರಬೇಕು, ಪುಟ್ಟ ಎಂಜಿನ್ನು, ನಿಧಾನಕ್ಕೆ ಹತ್ತುತ್ತೆ, ನಮ್ಮ ಹಳೇ ಗಾಡಿಗಳು ಆ ಬೆಟ್ಟದ ತಿರುವುಗಳಲ್ಲಿ ಫಸ್ಟ್ ಗೇರಲ್ಲಿ ಮುಲುಕ್ತಾ ಹತ್ತಿದ ಹಾಗೇನೇ. ಆ ಕಡೆ ಸ್ಕಂದಗಿರಿ, ಈ ಕಡೆ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ. ಆಮೇಲೆ ಕೆಳಗೆ ಇಳಿದು ರಸ್ತೆ ಹಿಡ್ಕೊಂಡು ಮಂಚೇನಹಳ್ಳಿ ಕಡೆ. ಪ್ರತಿ ತಿರುವೂ ಗೊತ್ತು ನಂಗೆ. ಮ್ಯಾಪು ನೋಡೋದೇ ಇಲ್ಲ. ಬಂಡೆ, ಗುಡ್ಡ, ನೀಲಗಿರಿ ತೋಪು, ಎಲ್ಲಾ ಇದ್ದಂಗೇ ಇದೆ. ಮನೆಗಳು ಮಾತ್ರ ಕಂಪ್ಯೂಟರ್ರು ಊಹೆ ಮಾಡಿ ಕಟ್ಟಿರೋದು, ಮೇಲಿಂದ ಕಾಣೋ ಸೂರು ನೋಡ್ಕೊಂಡು ಗೋಡೆ ಎಬ್ಬಿಸುತ್ತಂತೆ, ಅದಕ್ಕೆ ನಮ್ಮೂರ ಆಂಜನೇಯನ ಗುಡಿ ಎರಡಂತಸ್ತಿನ ಮನೆ ಆಗಿದೆ. ರಸ್ತೇಲಿ ಕಾರುಗಳು ಓಡಾಡ್ತವೆ. ಊರುಗಳಲ್ಲಿ ಮನುಷ್ಯರಿಲ್ಲ. ನಾಲ್ಕು ವರ್ಷದಿಂದ ಹಾರಾಡ್ತಿದೀನಿ, ನಂಗೆ ಅದು ಕಂಡೇ ಇರಲಿಲ್ಲ. ಯಾಕೆ ಕಂಡಿರಲಿಲ್ಲ ಅಂತ ಆಮೇಲೆ ಯೋಚನೆ ಮಾಡಿದೆ. ನಂಗೆ ಅವರೆಲ್ಲ ಕಾಣ್ತಾನೇ ಇದ್ರು.

ಆ ಗೇಟ್ ಸ್ಟಾಪಲ್ಲಿ ಬೆಳಗ್ಗೆ ಆರೂಕಾಲಿಗೆ ಹಾಲಿನ ಕ್ಯಾನ್ ಇಟ್ಕೊಂಡು ಒಬ್ರು ನಿಂತಿರೋರು, ಒಂದಿನ ಅವರಿಲ್ಲ ಅಂದ್ರೆ ನಾನು ಎರಡು ನಿಮಿಷ ಕಾಯ್ತಿದ್ದೆ, ಹಾರ್ನ್ ಹಾಕ್ತಿದ್ದೆ. ಮುಂದಿನ ಸ್ಟಾಪಲ್ಲಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ತಗೊಂಡು ಹೋಗೋ ಅಮ್ಮ, ಗೂಡಿನ ಮೂಟೆ ಮೇಲೆ ಯಾರೂ ಏನೂ ಇಡಬಾರದು, ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಾಯಿಸೋವರೆಗೂ ಒಂದು ಕೈ ಅದರ ಮೇಲೇ ಇರೋದು. ಸೇವಂತಿಗೆ ಕಾಲದಲ್ಲಿ ಬಸ್ ತುಂಬಾ ಹೂವಿನ ವಾಸನೆ. ಫುಟ್‌ಬೋರ್ಡಲ್ಲಿ ನೇತಾಡೋ ಕಾಲೇಜು ಹುಡುಗರು, ಬೈದ್ರೆ ತೆಲುಗಲ್ಲಿ ಉತ್ತರ ಕೊಡೋರು. ಇವರನ್ನೆಲ್ಲ ಆ ಮಗೂಗೆ ಎಲ್ಲಿಂದ ತೋರಿಸೋದು ನಾನು.

ನಮ್ಮ ಭಾಮೈದ ಫೋನ್ ಮಾಡಿದಾಗೆಲ್ಲ ಇದನ್ನೇ ಎತ್ತುತಾನೆ. "ಏನ್ ಭಾವ, ಈ ವಯಸ್ಸಲ್ಲಿ ವೀಡಿಯೋ ಗೇಮಾ? ರಾಮ ಕೃಷ್ಣ ಅಂತ ಇರೋದ್ ಬಿಟ್ಟು." ಅವನು ಪ್ರೀತಿಯಿಂದಾನೇ ಅನ್ನೋದು, ಆದ್ರೂ ನೋವಾಗುತ್ತೆ. ಇಲ್ಲಿ ಇದೇ ಹುಡುಗನ ತಾತ ಅಟ್ಟದ ಮೇಲೆ ಆಟದ ರೈಲು ಕಟ್ಟಿದಾರೆ, ಸ್ಟೇಷನ್ನು, ಸಿಗ್ನಲ್ಲು, ಒಂದೊಂದು ಮರ ಕೂಡ ಕೈಯಲ್ಲೇ ಮಾಡಿರೋದು. ಎಪ್ಪತ್ತೆಂಟು ವರ್ಷ ಅವರಿಗೆ. ಬಂದೋರನ್ನೆಲ್ಲ ಕರ್ಕೊಂಡು ಹೋಗಿ ಅಭಿಮಾನದಿಂದ ತೋರಿಸ್ತಾರೆ, ಯಾರೂ ವಯಸ್ಸಿನ ಮಾತು ಎತ್ತಲ್ಲ. ನಮ್ಮ ಕಡೆ ಅರವತ್ತು ಆಯ್ತು ಅಂದ್ರೆ ಗುಡಿ, ಅರಳಿಕಟ್ಟೆ, ಮದುವೆ ಮನೆ, ಟೀವಿ ಧಾರಾವಾಹಿ, ಇಷ್ಟಕ್ಕೆ ಗೆರೆ ಹಾಕಿಬಿಡ್ತೀವಿ. ಧಾರಾವಾಹಿ ನೋಡಬಹುದು, ಗೇಮ್ ಆಡಬಾರದು ಅನ್ನೋದು ಯಾವ ನ್ಯಾಯ ನಂಗೆ ಗೊತ್ತಾಗಲ್ಲ. ಹೊಸದೊಂದು ಕಲಿಯೋ ಆಸೆ ಪೆನ್ಷನ್ ಪೇಪರ್ ಜೊತೆ ಸರೆಂಡರ್ ಮಾಡಬೇಕಾ?

ಈ ಪರದೆ ಹುಚ್ಚು ನಂಗೆ ಇವತ್ತಿಂದೇನೂ ಅಲ್ಲ. ಆಗ ಹಳ್ಳಿ ಟೆಂಟುಗಳಿಗೆ ಪಿಚ್ಚರ್ ಡಬ್ಬ ಬರ್ತಿದ್ದಿದ್ದು ನಮ್ಮ ಬಸ್ಸಲ್ಲೇ. ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಹತ್ರದಿಂದ ತಂದು ಮೆಜೆಸ್ಟಿಕ್ಕಲ್ಲಿ ಟಾಪ್ ಮೇಲೆ ಹಾಕೋರು, ತಗಡಿನ ಪೆಟ್ಟಿಗೆ, ಒಂದು ಪಿಚ್ಚರಿಗೆ ಹದಿನಾಲ್ಕು ಹದಿನೈದು ರೀಲು, ಒಂದೊಂದು ರೀಲು ಹತ್ತತ್ರ ಹತ್ತು ನಿಮಿಷ ಓಡೋದು. ನೈಟ್ ಹಾಲ್ಟ್ ಊರಿಗೆ ಬಸ್ಸು ಮುಟ್ಟೋವಾಗ ಹುಡುಗರು ಅರ್ಧ ಮೈಲಿಯಿಂದಾನೇ ಓಡಿ ಬರೋರು, "ಡ್ರೈವರಣ್ಣ, ಡಬ್ಬ ಬಂತಾ?" ಅಂತ. ಮನೆಗೆ ಬರೋ ನೆಂಟರನ್ನೂ ಯಾರೂ ಹಂಗೆ ಕಾದಿರಲ್ಲ. ಅಣ್ಣಾವ್ರ ಪಿಚ್ಚರ್ರೋ ಎನ್‌ಟಿಆರ್ ಪಿಚ್ಚರ್ರೋ, ನಮ್ಮ ಕಡೆ ಎರಡಕ್ಕೂ ಒಂದೇ ಶಿಳ್ಳೆ. ಸೆಕೆಂಡ್ ಶೋಗೆ ನನ್ನನ್ನೂ ಕಂಡಕ್ಟರನ್ನೂ ಕಾಸಿಲ್ಲದೆ ಒಳಗೆ ಬಿಡೋರು. ನಾನು ಚೇರಿಗೆ ಹೋಗ್ತಿರಲಿಲ್ಲ, ನೆಲದಲ್ಲೇ ಮರಳು ಗುಡ್ಡೆ ಮಾಡ್ಕೊಂಡು ಕೂರ್ತಿದ್ದೆ, ಬೆಳಗ್ಗೆ ಐದೂವರೆಗೆ ಗಾಡಿ ಎತ್ತಬೇಕು ಅಂತ ಗೊತ್ತಿದ್ರೂ ಕೊನೇ ರೀಲಿನವರೆಗೂ ಎದ್ದು ಬಂದೋನಲ್ಲ.

ಹುಡುಗ ಉತ್ತರಕ್ಕೆ ಕಾಯ್ತಿದ್ದ. ನಾನು ವಿಮಾನ ಇಳಿಸಿದೆ, ನಮ್ಮೂರ ಕೆರೆ ಅಂಗಳದಲ್ಲಿ. ಫೋಟೋ ಯಾವುದೋ ಬೇಸಿಗೇಲಿ ತೆಗೆದಿರಬೇಕು, ಒಣಗಿ ಮಟ್ಟಸವಾಗಿದೆ, ನಾನು ಯಾವಾಗಲೂ ಅಲ್ಲೇ ಇಳಿಸೋದು. ಎದುರಿಗೆ ಏರಿ, ಏರಿ ಹಿಂದೆ ಊರು. ಒಂದು ನರಪಿಳ್ಳೆ ಇಲ್ಲ. ಗಡಿಯಾರ ಒಂಬತ್ತೂವರೆ ಚಿಲ್ರೆ ತೋರಿಸ್ತಿತ್ತು. ಆಗ ಥಟ್ಟನೆ ಹೊಳೀತು, ಈ ರಸ್ತೇನ ಇಷ್ಟು ಖಾಲಿಯಾಗಿ ನಾನು ನಿಜವಾಗಲೂ ನೋಡಿದೀನಿ.

1987, ಭಾನುವಾರ ಬೆಳಗ್ಗೆ ಒಂಬತ್ತೂವರೆ. ಟೀವೀಲಿ ರಾಮಾಯಣ ಬರ್ತಿದ್ದ ಹೊತ್ತು. ಸ್ಟಾಪಲ್ಲಿ ಜನ ಇಲ್ಲ, ಹೊಲದಲ್ಲಿ ಜನ ಇಲ್ಲ, ಟೀ ಅಂಗಡಿ ಒಲೆ ಉರೀತಿದೆ ಅಂಗಡಿಯೋನಿಲ್ಲ. ಒಂದು ಭಾನುವಾರ ಬಸ್ಸಲ್ಲಿ ನಾಲ್ಕೇ ಜನ. ಒಬ್ಬ ಅಜ್ಜಿ ಎದ್ದು ಬಂದು "ಯಪ್ಪಾ, ಒಸಿ ನಿಲ್ಸು, ನೋಡ್ಕೊಂಡು ಹೋಗಾನ, ಪುಣ್ಯ ಬತ್ತದೆ ನಿಂಗೆ" ಅಂದ್ಲು. ಪಂಚಾಯ್ತಿ ಆಫೀಸ್ ಮುಂದೆ ನಿಲ್ಲಿಸಿದೆ. ಇಡೀ ಊರು ಒಳಗಿತ್ತು. ಕಿಟಕಿ ತುಂಬಾ ತಲೆ, ಟೀವಿಗೆ ಹೂವಿನ ಹಾರ, ಚಪ್ಪಲಿ ಎಲ್ಲಾ ಹೊರಗೆ. ಹಿಂದಿ ಒಬ್ಬರಿಗೂ ಬರ್ತಿರಲಿಲ್ಲ, ಕಥೆ ಎಲ್ಲರಿಗೂ ಬರ್ತಿತ್ತು. ಮುಗಿದಾಗ ಬಾಗಿಲಿಂದ ಜನ ಹೊರಗೆ ಬಂದ ರೀತಿ ಇದೆಯಲ್ಲ, ಕಟ್ಟೆ ಒಡೆದು ನೀರು ನುಗ್ಗಿದ ಹಾಗೆ, ಐದು ನಿಮಿಷದಲ್ಲಿ ರಸ್ತೆ, ಬಾವಿ, ಹೊಲ, ನನ್ನ ಬಸ್ಸು, ಎಲ್ಲಾ ತುಂಬಿಹೋಯ್ತು.

"ಪುಟ್ಟಿ, ಅವನಿಗೆ ಹೇಳು," ಅಂದೆ, "ಎಲ್ಲಾ ಇದಾರೆ, ಒಳಗೆ ಟೀವಿ ನೋಡ್ತಿದಾರೆ."

ಅವಳು ಹೇಳಿದ್ಲು. ಅವನು ನಂಬಿದ. ನಂಗೆ ಗಂಟಲು ಕಟ್ಟಿತು, ಯಾಕಂದ್ರೆ ನಮ್ಮ ಬೀದೀಲಿ ಹನ್ನೊಂದು ಮನೆ, ಈಗ ಅದರಲ್ಲಿ ಆರಕ್ಕೆ ಬೀಗ. ಒಬ್ಬರ ಮಕ್ಕಳು ಯಲಹಂಕದಲ್ಲಿ, ಒಬ್ಬರದು ಪೀಣ್ಯದಲ್ಲಿ, ಒಬ್ಬರು ದುಬೈಯಲ್ಲಿ. ಆರನೇ ಬೀಗ ನಾನೇ ಹಾಕ್ಕೊಂಡು ಬಂದಿದ್ದು, ಬೀಗದ ಕೈ ಪಕ್ಕದ ಮನೆಯೋರ ಹತ್ರ ಇದೆ, ಹಬ್ಬಕ್ಕೆ ಗುಡಿಸಿ ಬಾಗಿಲಿಗೆ ನೀರು ಹಾಕ್ತಾರೆ ಪುಣ್ಯಾತ್ಮರು.

ಹುಡುಗ ಮತ್ತೇನೋ ಅಂದ. ಪುಟ್ಟಿ, "ಹಾಗಾದ್ರೆ ಮುಗಿಯೋವರೆಗೂ ಕಾಯೋಣ ಅಂತಿದಾನೆ ತಾತ" ಅಂದ್ಲು.

ಎಂಜಿನ್ ಆಫ್ ಮಾಡಿದೆ. ಗಾಳಿ ಸದ್ದೊಂದೇ. ಮೂರು ಜನಾನೂ ಏರಿ ಕಡೆ ನೋಡ್ಕೊಂಡು ಕೂತಿದ್ವಿ, ಮಕ್ಕಳು ಅಷ್ಟು ಹೊತ್ತು ಮಾತಾಡದೆ ಕೂತಿದ್ದು ನಾನು ನೋಡೇ ಇಲ್ಲ. ಆರು ಗಂಟೆಗೆ ಅವರಮ್ಮ ಊಟಕ್ಕೆ ಕರೆದ್ಲು, ಇಲ್ಲಿ ರಾತ್ರಿ ಊಟ ಆರಕ್ಕೇ, ಒಂದು ನಿಮಿಷ ಆಚೆ ಈಚೆ ಆಗಲ್ಲ. ಶೂ ಹಾಕ್ಕೊಂಡು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಕೇಳಿದ. ಮುಂದಿನ ಬುಧವಾರದೊಳಗೆ ಮುಗಿದಿರುತ್ತಾ ಅಂತ.

ಅವನು ಹೋದ ಮೇಲೂ ನಾನು ಟೀವಿ ಆಫ್ ಮಾಡಲಿಲ್ಲ. ನಮ್ಮನೆಯವಳು ಅಡುಗೆಮನೆಯಿಂದ ಕೈ ಒರೆಸ್ಕೊಂಡು ಬಂದು, "ಯಾಕ್ರೀ, ಕೆಟ್ಟು ನಿಂತಿದ್ಯಾ?" ಅಂದ್ಲು. "ಇಲ್ಲ, ನಮ್ಮ ಕೆರೆ ಅಂಗಳ ಇದು" ಅಂದೆ. ನಾಲ್ಕು ವರ್ಷದಲ್ಲಿ ಒಂದು ಸಲಾನೂ ಈ ಆಟದ ಕಡೆ ತಿರುಗಿ ನೋಡದೋಳು ನನ್ನ ಪಕ್ಕ ಬಂದು ಕೂತ್ಲು, ಕನ್ನಡಕ ಹಾಕ್ಕೊಂಡ್ಲು, ತುಂಬ ಹೊತ್ತು ನೋಡಿದ್ಲು. ಆಮೇಲೆ ಏರಿ ತುದೀಗೆ ಬೆರಳು ಮಾಡಿ, "ಒಂಚೂರು ಆ ಕಡೆ ತಿರುಗಿಸ್ರೀ, ನಮ್ಮ ಬಾಗಿಲು ಕಾಣುತ್ತಾ ನೋಡಣ" ಅಂದ್ಲು.